ಕರಿಯ ಕೋಟಿನ ಕಾಯಕ



ಕಳೆದ ಶ್ರಾವಣಮಾಸದಲ್ಲಿ ಹೊಳೆನರಸೀಪುರದ ಭಕ್ತರೊಬ್ಬರ ಮನೆಯಲ್ಲಿ ಐದು ದಿನಗಳ ಪ್ರವಚನವಿತ್ತು. ಕೊನೆಯ ದಿನ ಪ್ರಸಾದವಾದ ಮೇಲೆ ಚನ್ನರಾಯಪಟ್ಟಣದ ಕಡೆಯ ಗೃಹಸ್ಥರೊಬ್ಬರು ತಮ್ಮ ಮಗನನ್ನು ಕರೆತಂದು ಎದುರಿಗೆ ಕುಳ್ಳಿರಿಸಿದರು. "ಅಯ್ಯನವರೇ, ಇವನು ಪಿ.ಯು.ಸಿ. ಮುಗಿಸಿದ್ದಾನೆ. ಎಂಜಿನಿಯರಿಂಗ್ ಸೀಟು ಸಿಗುವಷ್ಟು ಅಂಕ ಇದೆ. ಆದರೂ ಲಾ ಓದುತ್ತೇನೆ ಅಂತ ಹಠ ಹಿಡಿದಿದ್ದಾನೆ. ಸುಳ್ಳನ್ನು ನಿಜ ಮಾಡುವ ಕಸುಬು ನಮ್ಮ ಮನೆತನಕ್ಕೆ ಬೇಕೆ? ನೀವು ಹೇಳಿದರೆ ಕೇಳುತ್ತಾನೆ" ಎಂದು ಕೈಮುಗಿದರು.

ನಾನು ಕೂಡಲೇ ಉತ್ತರಿಸಲಿಲ್ಲ. ಏಕೆಂದರೆ ವಕೀಲಿ ವೃತ್ತಿಯ ವಿಷಯದಲ್ಲಿ ನನ್ನ ಮನಸ್ಸೂ ನಿರ್ಮಲವಾಗಿರಲಿಲ್ಲ. ನಮ್ಮ ಪೂರ್ವಾಶ್ರಮದ ಮನೆಗೆ ಸೇರಿದ ಎರಡು ಗುಂಟೆ ಜಾಗದ ವ್ಯಾಜ್ಯವೊಂದು ಹನ್ನೊಂದು ವರ್ಷ ನಡೆದು, ಜಾಗದ ಬೆಲೆಯ ಮೂರರಷ್ಟು ಹಣ ಖರ್ಚಾದ ಮೇಲೆ ರಾಜಿಯಾಯಿತು. ಆ ರಾಜಿಯನ್ನು ಮೊದಲ ವರ್ಷವೇ ಮಾಡಿಕೊಳ್ಳಬಹುದಿತ್ತೆಂದು ನಮ್ಮ ಕಡೆಯ ವಕೀಲರೇ ಆಮೇಲೆ ನಗುತ್ತ ಹೇಳಿದರು. ಆ ನಗೆ ನನಗೆ ಇಂದಿಗೂ ಮರೆತಿಲ್ಲ. ಆದುದರಿಂದ ಆ ತಂದೆಯ ಮಾತಿಗೆ ಹೂಂಗುಟ್ಟುವುದರಲ್ಲಿಯೇ ಇದ್ದೆ.

ಅಷ್ಟರಲ್ಲಿ ಹುಡುಗನೇ ಬಾಯಿಬಿಟ್ಟ: "ಅಯ್ಯನವರೇ, ನಮ್ಮ ತೋಟಕ್ಕೆ ನಾಲೆ ನೀರು ಬರುತ್ತದಲ್ಲ, ಅಣೆಕಟ್ಟು ಕಟ್ಟಿದವರು ಎಂಜಿನಿಯರುಗಳು, ಸರಿ. ಅದರಲ್ಲಿ ನಿಂತ ನೀರಿನಲ್ಲಿ ನಮಗೂ ಪಾಲಿದೆ ಅಂತ ದೆಹಲಿಯಲ್ಲಿ ನಿಂತು ಹೇಳಿದವರು ಯಾರು?"

ಈ ಪ್ರಶ್ನೆಯನ್ನು ನಾನು ಎಂದೂ ಕೇಳಿಕೊಂಡಿರಲಿಲ್ಲ. ಅಂದು ಅವರಿಗೆ ಪೂರ್ಣವಾಗಿ ಹೇಳಲಾಗದೆ ಉಳಿದುದನ್ನು, ಮಠಕ್ಕೆ ಮರಳಿ ಪುಸ್ತಕಗಳನ್ನು ತಿರುವಿಹಾಕಿದ ಬಳಿಕ ಈ ಅಂಕಣದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಭಾಗ್ಯವೆಲ್ಲ ಹೇಮಾವತಿ ಮತ್ತು ಕಾವೇರಿಯರ ಮಡಿಲಿನಲ್ಲಿದೆ. ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ದಾಟಿ, ಗೊರೂರಿನಲ್ಲಿ ಅಣೆಕಟ್ಟಿಗೆ ಸಿಲುಕಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಅರಕಲಗೂಡಿನವರಿಗೆ ಕೊಣನೂರು, ರಾಮನಾಥಪುರಗಳಲ್ಲಿ ಸ್ವತಃ ಕಾವೇರಿಯೇ ಮನೆಯ ಮುಂದಿದ್ದಾಳೆ. ಚನ್ನರಾಯಪಟ್ಟಣಕ್ಕೆ ಹೊಳೆಯಿಲ್ಲ, ಅಲ್ಲಿಗೆ ಹೇಮಾವತಿಯ ಎಡದಂಡೆ ನಾಲೆಯೇ ಹೊಳೆ. ಬಾಗೂರು–ನವಿಲೆಯ ಸುರಂಗದಲ್ಲಿ ನುಗ್ಗಿ ತುಮಕೂರಿನ ಕಡೆಗೆ ಹೋಗುವ ನೀರೂ ಆ ತಾಲ್ಲೂಕಿನ ನೆಲದ ಒಡಲಲ್ಲಿಯೇ ಹರಿಯುತ್ತದೆ. ಗೊರೂರಿನ ಜಲಾಶಯ 1979ರಲ್ಲಿ ಪೂರ್ಣಗೊಂಡಿತು; ಅದರ ಸಾಮರ್ಥ್ಯ 37.1 ಟಿ.ಎಂ.ಸಿ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ ನೀರು.

ಇಷ್ಟನ್ನು ನಮ್ಮ ರೈತರು ಬಲ್ಲರು. ಅವರು ಅಷ್ಟಾಗಿ ಅರಿಯದ ಸಂಗತಿಯೆಂದರೆ, ಈ ಜಲಾಶಯವು ಕಲ್ಲು ಗಾರೆಗಳಷ್ಟೇ ಕಾಗದಪತ್ರಗಳ ಮೇಲೆಯೂ ನಿಂತಿದೆ ಎಂಬುದು. 1924ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಒಪ್ಪಂದದ ಕೆಲವು ಅಂಶಗಳನ್ನು ಐವತ್ತು ವರ್ಷಗಳ ಬಳಿಕ ಪುನರ್ವಿಮರ್ಶಿಸಬೇಕಿತ್ತು. ಆ ಗಡುವು ಸಮೀಪಿಸುವ ಕಾಲಕ್ಕೆ ನಮ್ಮ ರಾಜ್ಯವು ಹೇಮಾವತಿ, ಕಬಿನಿ, ಹಾರಂಗಿಗಳಲ್ಲಿ ಅಣೆಕಟ್ಟುಗಳ ಕೆಲಸ ಹಿಡಿದಿತ್ತು. ಯೋಜನಾ ಆಯೋಗದ ಒಪ್ಪಿಗೆ ದೊರೆಯದಿದ್ದಾಗ ಸ್ವಂತ ಹಣದಿಂದಲೇ ಕೆಲಸ ಮುಂದುವರಿಯಿತು. ತಮಿಳುನಾಡು 1971ರಲ್ಲಿಯೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಮರುವರ್ಷ ದಾವೆಯನ್ನು ಹಿಂತೆಗೆದುಕೊಂಡಿತು. ಕೊನೆಗೆ 1990ರ ಜೂನ್ 2ರಂದು ಕಾವೇರಿ ನ್ಯಾಯಾಧಿಕರಣ ರಚನೆಯಾಯಿತು. ಮುಂದಿನ ವರ್ಷ ಜೂನ್ 25ರಂದು ಅದು ನೀಡಿದ ಮಧ್ಯಂತರ ಆದೇಶದಲ್ಲಿ ತಮಿಳುನಾಡಿಗೆ 205 ಟಿ.ಎಂ.ಸಿ. ನೀರು ಬಿಡಬೇಕೆಂದೂ, ಕರ್ನಾಟಕವು ನೀರಾವರಿಯನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದೆಂದೂ ಇತ್ತು. ನಾಲೆ ತೋಡಿಯಾಗಿದೆ, ನೀರು ಕಣ್ಣೆದುರಿಗಿದೆ. ಆದರೆ ಗದ್ದೆಯ ಲೆಕ್ಕವನ್ನು ಯಾರೋ ಗೆರೆ ಎಳೆದು ನಿಲ್ಲಿಸಿದ್ದಾರೆ. ಅಂದು ನಮ್ಮ ಸೀಮೆಯ ನಾಲೆಯ ಕೊನೆಯಂಚಿನ ರೈತನ ಮನಃಸ್ಥಿತಿ ಎಂತಹುದಿದ್ದೀತು ಎಂಬುದನ್ನು ನಾನು ವಿವರಿಸಬೇಕಿಲ್ಲ.

ಈ ವ್ಯಾಜ್ಯದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಕರ್ನಾಟಕದ ಪರವಾಗಿ ನಿಂತು ವಾದಿಸಿದವರು ಫಾಲಿ ಸ್ಯಾಮ್ ನಾರಿಮನ್. ಅವರು ಕನ್ನಡಿಗರಲ್ಲ, ನಮ್ಮ ಧರ್ಮದವರೂ ಅಲ್ಲ. ಜರತುಷ್ಟ್ರ ಮತದ ಪಾರಸಿಗಳು. ಆದರೂ ಹೇಮಾವತಿಯ ನೀರು ಕುಡಿದವರು ಅವರ ಜೀವನವನ್ನು ಒಮ್ಮೆ ಅರಿಯುವುದು ಉಚಿತ.

ನಾರಿಮನ್ ಹುಟ್ಟಿದ್ದು 1929ರ ಜನವರಿ 10ರಂದು, ಬರ್ಮಾದ ರಂಗೂನಿನಲ್ಲಿ. 1942ರಲ್ಲಿ ಜಪಾನೀಯರು ದಾಳಿಯಿಟ್ಟಾಗ ಅವರ ಕುಟುಂಬ ಮನೆಮಾರುಗಳನ್ನು ಬಿಟ್ಟು ಭಾರತಕ್ಕೆ ಬಂದಿತು. ಮಗನು ಐ.ಸಿ.ಎಸ್. ಪರೀಕ್ಷೆಗೆ ಕೂಡಬೇಕೆಂಬುದು ತಂದೆಯ ಬಯಕೆ. ಅದಕ್ಕೆ ಬೇಕಾದ ಹಣ ಮನೆಯಲ್ಲಿ ಇರಲಿಲ್ಲ. ಹೀಗೆ ಬೇರೆ ದಾರಿ ಕಾಣದೆ ಕಾನೂನು ಓದಿದವರು ಅವರು. ಚನ್ನರಾಯಪಟ್ಟಣದ ಆ ತಂದೆಗೆ ಈ ಮಾತನ್ನು ಹೇಳಿದಾಗ ಅವರ ಮುಖ ಕೊಂಚ ಸಡಿಲವಾಯಿತು. 1950ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ವೃತ್ತಿ ಆರಂಭಿಸಿ, ಸರ್ ಜಮ್‌ಶೆಡ್‌ಜಿ ಕಾಂಗಾ ಅವರ ಹೆಸರಾಂತ ಚೇಂಬರಿನಲ್ಲಿ ಪಳಗಿದರು. ಮುಂಬಯಿ ವ್ಯಾಪಾರದ ಊರು. ಅಲ್ಲಿಯ ವಕೀಲನಿಗೆ ಕಂಪನಿಗಳ ಕರಾರು, ತೆರಿಗೆ, ಪಾಲುದಾರಿಕೆಯ ತಕರಾರುಗಳೇ ನಿತ್ಯದ ಅನ್ನ. ಮುಂದೆ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಜ್ಯಗಳ ಮಧ್ಯಸ್ಥಿಕೆಯಲ್ಲಿ ಅವರ ಹೆಸರು ಪ್ರಪಂಚದಾದ್ಯಂತ ಹಬ್ಬಿತು. 1971ರಲ್ಲಿ ಹಿರಿಯ ವಕೀಲರೆಂಬ ಮನ್ನಣೆ ದೊರೆಯಿತು. 1972ರಲ್ಲಿ ಭಾರತ ಸರ್ಕಾರದ ಅಡಿಷನಲ್ ಸಾಲಿಸಿಟರ್ ಜನರಲ್ ಆಗಿ ದೆಹಲಿಗೆ ಬಂದರು.

1975ರ ಜೂನ್ ತಿಂಗಳಿನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾದೊಡನೆ ಆ ಹುದ್ದೆಗೆ ರಾಜೀನಾಮೆ ನೀಡಿದರು. ಅಂದು ಸರ್ಕಾರಿ ನೌಕರಿಯಲ್ಲಿದ್ದ ಎಷ್ಟು ಜನ ಹಾಗೆ ಮಾಡಿದರೆಂಬುದನ್ನು ಆ ದಿನಗಳನ್ನು ಕಂಡ ನನ್ನ ಓರಗೆಯವರೇ ನೆನೆಸಿಕೊಳ್ಳಲಿ.

ಇವರ ಬಾಳೆಲ್ಲ ಹೀಗೆಯೇ ಶುಭ್ರವೆಂದು ನಾನು ಹೇಳಿದರೆ ಅದು ಪುರಾಣವಾದೀತು. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲವು ಸಾವಿರಾರು ಜನರನ್ನು ಬಲಿತೆಗೆದುಕೊಂಡ ಬಳಿಕ, ಯೂನಿಯನ್ ಕಾರ್ಬೈಡ್ ಕಂಪನಿಯ ಪರವಾಗಿ ನಿಂತವರು ಇದೇ ನಾರಿಮನ್. 1989ರಲ್ಲಿ 47 ಕೋಟಿ ಡಾಲರುಗಳಿಗೆ ಆ ವ್ಯಾಜ್ಯ ರಾಜಿಯಾಯಿತು. ನೊಂದವರಿಗೆ ಆ ಹಣ ಏತಕ್ಕೂ ಸಾಲದೆಂಬ ಕೂಗು ಇಂದಿಗೂ ನಿಂತಿಲ್ಲ. ಅದು ಎಲ್ಲ ಮೊಕದ್ದಮೆಗಳಂತೆ ಒಂದು ಮೊಕದ್ದಮೆಯೆಂದು ಬಗೆದೆ, ಅದೊಂದು ಮಹಾ ದುರಂತವೆಂಬುದು ತಡವಾಗಿ ತಿಳಿಯಿತು, ಮತ್ತೊಮ್ಮೆ ಅವಕಾಶ ಬಂದರೆ ಅದನ್ನು ಹಿಡಿಯಲಾರೆ ಎಂಬ ಅರ್ಥದ ಮಾತುಗಳನ್ನು ಅವರು ವರ್ಷಗಳ ನಂತರ ಬಹಿರಂಗವಾಗಿಯೇ ಆಡಿದರು. ಈ ಪಶ್ಚಾತ್ತಾಪ ಭೋಪಾಲದವರಿಗೆ ಏನನ್ನೂ ಮರಳಿ ಕೊಡಲಿಲ್ಲ, ನಿಜ. ಆದರೆ ಗೆದ್ದ ವಕೀಲನು ತನ್ನ ಗೆಲುವನ್ನೇ ಪ್ರಶ್ನಿಸಿಕೊಂಡದ್ದು ಸಣ್ಣ ಮಾತಲ್ಲ. ನ್ಯಾಯಾಧೀಶರ ನೇಮಕಾತಿಗೆ ಸಂಬಂಧಿಸಿದ 1993ರ ಪ್ರಸಿದ್ಧ ಮೊಕದ್ದಮೆಯನ್ನೂ ಗೆದ್ದು, ಅದನ್ನು ತಾವು ಸೋತಿದ್ದರೆ ಚೆನ್ನಾಗಿತ್ತೆಂದು ಆತ್ಮಕಥೆಯಲ್ಲಿ ಬರೆದುಕೊಂಡವರು ಅವರು.

ಇನ್ನೊಂದು ಪ್ರಸಂಗ. ನರ್ಮದಾ ವ್ಯಾಜ್ಯದಲ್ಲಿ ಅವರು ಗುಜರಾತ್ ಸರ್ಕಾರದ ವಕೀಲರಾಗಿದ್ದರು. 1998ರ ಕೊನೆಯಲ್ಲಿ ಆ ರಾಜ್ಯದಲ್ಲಿ ಕ್ರೈಸ್ತರ ಮೇಲೆ ಹಲ್ಲೆಗಳಾದಾಗ ಸರ್ಕಾರದವರಿಗೆ ತಮ್ಮ ಆತಂಕ ತಿಳಿಸಿದರು. ಪರಿಸ್ಥಿತಿ ಬದಲಾಗಲಿಲ್ಲವೆಂದು ಕಂಡಾಗ ಮೊಕದ್ದಮೆಯ ಕಡತವನ್ನು ಹಿಂದಿರುಗಿಸಿದರು. ಇಲ್ಲಿ ನನಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆ ನೆನಪಿಗೆ ಬರುತ್ತದೆ. ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನಿಗೆ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮ ಹೇಳಿದಳಲ್ಲವೆ? ಕೈಗೆ ಬಂದುದನ್ನು ಹಿಂದಕ್ಕೆ ಕೊಡುವುದು ಕಾಯಕದ ಬಹು ಕಠಿಣವಾದ ಪಾಠ. ಅಕ್ಕಿಗೂ ಕಡತಕ್ಕೂ ಹೋಲಿಕೆಯೆ ಎಂದು ಕೆಲವರು ಮೂಗು ಮುರಿದಾರು. ನನಗಂತೂ ಹೋಲಿಕೆ ಕಾಣುತ್ತದೆ.

ಈಗ ನಮ್ಮ ಹೊಳೆಯ ಕಡೆಗೆ ಬರೋಣ.

ಅಂತರರಾಜ್ಯ ನದಿಯ ವ್ಯಾಜ್ಯದಲ್ಲಿ ವಕೀಲನ ಕೆಲಸ ಸಿನಿಮಾದಲ್ಲಿ ತೋರಿಸುವಂತೆ ಮೇಜು ಗುದ್ದುವುದಲ್ಲ. ಜಲಾಶಯಕ್ಕೆ ಹರಿದುಬಂದ ನೀರಿನ ದಿನವಹಿ ಲೆಕ್ಕ, ಹಳೆಯ ನಾಲೆಗಳ ದಾಖಲೆ, ಬೆಳೆಗೆ ಬೇಕಾಗುವ ನೀರಿನ ಪ್ರಮಾಣ, ಗಡಿಯ ಬಿಳಿಗುಂಡ್ಲುವಿನ ಮಾಪನ ಕೇಂದ್ರದ ಅಂಕಿಗಳು, ಸಂಸ್ಥಾನದ ಕಾಲದ ಪತ್ರವ್ಯವಹಾರ ಇವೆಲ್ಲವನ್ನೂ ಎಂಜಿನಿಯರುಗಳಿಂದ ಕಲಿತು, ಎದುರು ಪಕ್ಷದ ತಜ್ಞರನ್ನು ಪಾಟೀಸವಾಲು ಮಾಡಿ, ಹತ್ತಾರು ವರ್ಷ ತಾಳ್ಮೆಯಿಂದ ಕೂಡಬೇಕು. ನಮ್ಮ ಹೊಳೆನರಸೀಪುರದ ಶ್ರೀರಾಮದೇವರ ಕಟ್ಟೆ, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಕೃಷ್ಣರಾಜ ಕಟ್ಟೆ ಮುಂತಾದ ಹಳೆಯ ಅಣೆಗಳು ನಮಗೆ ಹಬ್ಬದ ದಿನ ಮೀಯುವ ಜಾಗಗಳು. ಇಂತಹ ವ್ಯಾಜ್ಯದಲ್ಲಿ ಹಳೆಯ ಅಣೆ ಎಂದರೆ ಹಿಂದಿನಿಂದ ಬಂದ ಹಕ್ಕಿನ ಸಾಕ್ಷಿ.

ಹದಿನಾರು ವರ್ಷಗಳ ವಿಚಾರಣೆಯ ನಂತರ 2007ರ ಫೆಬ್ರವರಿ 5ರಂದು ನ್ಯಾಯಾಧಿಕರಣದ ಅಂತಿಮ ತೀರ್ಪು ಬಂದಿತು. ಒಟ್ಟು 740 ಟಿ.ಎಂ.ಸಿ.ಯಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7. ನಮ್ಮ ರಾಜ್ಯ ಇದನ್ನು ಒಪ್ಪದೆ ಸರ್ವೋಚ್ಚ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಿತು.

2016ರಲ್ಲಿ ಮಳೆ ಕೈಕೊಟ್ಟಿತು. ಆ ಸೆಪ್ಟೆಂಬರ್ ತಿಂಗಳನ್ನು ನಾವಾರೂ ಮರೆತಿಲ್ಲ. ಕೆಲವು ದಿನಗಳ ಮಟ್ಟಿಗೆ ದಿನಕ್ಕೆ 10,000 ಕ್ಯುಸೆಕ್ ಬಿಡಲು ಸಾಧ್ಯವೆಂದು ಕರ್ನಾಟಕದ ಪರವಾಗಿ ನಾರಿಮನ್ ನ್ಯಾಯಾಲಯಕ್ಕೆ ತಿಳಿಸಿದರು. ಸೆಪ್ಟೆಂಬರ್ 5ರಂದು ನ್ಯಾಯಾಲಯವು ಹತ್ತು ದಿನ 15,000 ಕ್ಯುಸೆಕ್ ಬಿಡಬೇಕೆಂದು ಆದೇಶಿಸಿತು. ಆ ಮಾತನ್ನು ಏಕೆ ಆಡಿದರೆಂದು ಇಲ್ಲಿ ಟೀಕೆಗಳ ಮಳೆಯೇ ಸುರಿಯಿತು. ಅದಕ್ಕೂ ಎರಡು ವರ್ಷ ಮೊದಲು, 2014ರಲ್ಲಿ, ತಮಿಳುನಾಡಿನ ಜಯಲಲಿತಾ ಅವರ ಜಾಮೀನಿಗಾಗಿ ಅವರು ವಾದಿಸಿದ್ದರಿಂದ ಅನೇಕರ ಮನಸ್ಸು ಮೊದಲೇ ಕಹಿಯಾಗಿತ್ತು. ನಾನೂ ಆಗ ಬೇಸರಪಟ್ಟವನೇ. ಎದುರು ರಾಜ್ಯದ ನಾಯಕಿಯ ಸ್ವಂತ ಮೊಕದ್ದಮೆ ಬೇರೆ, ಎರಡು ರಾಜ್ಯಗಳ ನೀರಿನ ಮೊಕದ್ದಮೆ ಬೇರೆ ಎಂಬ ವಕೀಲರ ತರ್ಕ ಬುದ್ಧಿಗೆ ತಿಳಿಯುತ್ತದೆ, ಹೃದಯಕ್ಕೆ ಇಳಿಯುವುದು ತಡ.

ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದವು. 20ರಂದು ಮತ್ತೆ 6,000 ಕ್ಯುಸೆಕ್ ಬಿಡುವ ಆದೇಶ. 23ರಂದು ನಮ್ಮ ವಿಧಾನಮಂಡಲವು ಸಭೆ ಸೇರಿ, ಜಲಾಶಯಗಳ ನೀರನ್ನು ಕುಡಿಯುವುದಕ್ಕೆ ಮಾತ್ರ ಬಳಸತಕ್ಕದ್ದೆಂದು ನಿರ್ಣಯ ಮಾಡಿತು. ಒಂದು ಕಡೆ ನ್ಯಾಯಾಲಯದ ಆಜ್ಞೆ, ಮತ್ತೊಂದು ಕಡೆ ಜನಪ್ರತಿನಿಧಿಗಳ ನಿರ್ಣಯ. ನಡುವೆ ಕರಿಯ ಕೋಟು ಧರಿಸಿದ 87 ವರ್ಷದ ಮುದುಕ.

ಸೆಪ್ಟೆಂಬರ್ 30ರಂದು ಅವರು ನ್ಯಾಯಾಲಯದಲ್ಲಿ ಎದ್ದುನಿಂತು, ಆದೇಶ ಪಾಲನೆಯಾಗದಿರುವಾಗ ರಾಜ್ಯದ ಪರವಾಗಿ ತಾವು ಇನ್ನು ವಾದ ಮಂಡಿಸುವುದಿಲ್ಲವೆಂದು ತಿಳಿಸಿದರು. ಈ ನಿಲುವನ್ನು ಅವರು ಮೊದಲೇ ಸರ್ಕಾರಕ್ಕೆ ತಿಳಿಸಿದ್ದರು. ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅದನ್ನು ಗೌರವಿಸಿ ಪತ್ರ ಬರೆದಿದ್ದರು. ಇದು ವಕೀಲಿ ವೃತ್ತಿಯ ಅತ್ಯುನ್ನತ ಪರಂಪರೆಗೆ ಅನುಗುಣವಾದ ನಡೆಯೆಂದು ನ್ಯಾಯಪೀಠವು ಮೆಚ್ಚುಗೆ ಸೂಚಿಸಿತು.

ಈ ಘಟನೆಯನ್ನು ನಾನು ಹೇಳಿದಾಗ ಚನ್ನರಾಯಪಟ್ಟಣದ ಗೃಹಸ್ಥರು ಸುಮ್ಮನಿರಲಿಲ್ಲ. "ನಮ್ಮ ದುಡ್ಡು ತಗೊಂಡು ನಮ್ಮ ಕಷ್ಟಕಾಲದಲ್ಲಿ ಬಾಯಿ ಮುಚ್ಚಿಕೊಂಡರೆ ಅದು ಕೈಬಿಟ್ಟ ಹಾಗಲ್ಲವೆ ಅಯ್ಯನವರೇ? ಆ ವರ್ಷ ನಮ್ಮ ತೆಂಗು ಒಣಗಿದ್ದು ಅವರಿಗೇನು ಗೊತ್ತು?" ಎಂದರು. ಪ್ರಶ್ನೆ ನ್ಯಾಯವಾದುದೇ. ಕಕ್ಷಿಗಾರನು ಸಂಕಟದಲ್ಲಿರುವಾಗ ವಕೀಲನ ಮೌನ ದ್ರೋಹದಂತೆ ತೋರುತ್ತದೆ. ಆದರೆ ವಕೀಲನು ಏಕಕಾಲದಲ್ಲಿ ಇಬ್ಬರಿಗೆ ಬದ್ಧ: ಕಕ್ಷಿಗಾರನಿಗೆ ಮತ್ತು ನ್ಯಾಯಪೀಠಕ್ಕೆ. ಪೀಠದ ಮಾತನ್ನು ಪಾಲಿಸದೆ ಅದೇ ಪೀಠದ ಮುಂದೆ ಕೈಚಾಚಿ ನ್ಯಾಯ ಬೇಡಿದರೆ, ಆ ಬೇಡಿಕೆಗೆ ತೂಕ ಉಳಿಯುವುದೆ? ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರು. ಭಂಡಾರದ ಮೇಲೆ ಆಪಾದನೆ ಬಂದಾಗ ಅವರನ್ನು ಕಾಪಾಡಿದ್ದು ಸರಿಯಾಗಿದ್ದ ಲೆಕ್ಕವೆಂದು ನಮ್ಮ ಪುರಾಣಗಳು ಹೇಳುತ್ತವೆ. ಅರಸನ ಕೆಲಸದಲ್ಲಿರುವವನಿಗೆ ನಂಬಿಕೆಯೇ ಬಂಡವಾಳ. ನಾರಿಮನ್ ತಮ್ಮ ಬಂಡವಾಳವನ್ನು ಅಂದು ಕಳೆದುಕೊಳ್ಳಲಿಲ್ಲವೆಂದೇ ನನ್ನ ಎಣಿಕೆ. ಗೃಹಸ್ಥರು ಒಪ್ಪಿದರೆಂದು ಹೇಳಲಾರೆ. ತಲೆಯಾಡಿಸಿದರು, ಅಷ್ಟೆ.

ಅಕ್ಟೋಬರಿನಲ್ಲಿ ವಿಧಾನಮಂಡಲ ಮತ್ತೊಂದು ನಿರ್ಣಯ ಮಾಡಿ, ನೀರು ಹರಿಯಿತು. ನಾರಿಮನ್ ವಾದಕ್ಕೆ ಮರಳಿದರು. ನ್ಯಾಯಾಧಿಕರಣದ ತೀರ್ಪಿನ ಮೇಲೆ ಮೇಲ್ಮನವಿಯೇ ಸಲ್ಲದೆಂದು ಕೇಂದ್ರ ಸರ್ಕಾರ ತೆಗೆದ ತಕರಾರನ್ನು ನ್ಯಾಯಾಲಯವು ಡಿಸೆಂಬರ್ 9ರಂದು ತಳ್ಳಿಹಾಕಿತು. ಆ ಬಾಗಿಲು ಅಂದು ಮುಚ್ಚಿದ್ದರೆ ಮುಂದಿನ ಮಾತೇ ಇರುತ್ತಿರಲಿಲ್ಲ. 2018ರ ಫೆಬ್ರವರಿ 16ರಂದು ಅಂತಿಮ ತೀರ್ಪು ಹೊರಬಿದ್ದಿತು. 1892 ಮತ್ತು 1924ರ ಒಪ್ಪಂದಗಳು ಸಂಸ್ಥಾನದ ಮೇಲೆ ಹೇರಿದವು, ಆದುದರಿಂದ ಅಸಿಂಧುವೆಂಬ ನಮ್ಮ ವಾದವನ್ನು ಪೀಠವು ಒಪ್ಪಲಿಲ್ಲ. ಆದರೆ 1924ರದು 1974ಕ್ಕೆ ಮುಗಿಯಿತೆಂದು ಹೇಳಿತು. ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಕೂಡಿಸಿ 284.75 ಮಾಡಿತು. ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿಯಿತು. ಕೂಡಿಸಿದ್ದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿನ ಲೆಕ್ಕದ್ದು. ಉಳಿದ 10ಕ್ಕೆ ತಮಿಳುನಾಡಿನ ಅಂತರ್ಜಲವನ್ನು ಗಣನೆಗೆ ತೆಗೆದುಕೊಳ್ಳಲಾಯಿತು.

14.75 ಎಂದರೆ ಗೊರೂರು ಜಲಾಶಯದ ಮೂರನೆಯ ಒಂದು ಭಾಗಕ್ಕೂ ಮಿಗಿಲು. ಇದೆಲ್ಲ ಒಬ್ಬ ನಾರಿಮನ್ನರ ಸಾಧನೆಯೆಂದು ನಾನು ಹೇಳುವುದಿಲ್ಲ. ಎಂಜಿನಿಯರುಗಳು, ಕಿರಿಯ ವಕೀಲರು, ಲೆಕ್ಕ ಬರೆದ ಗುಮಾಸ್ತರು ಎಲ್ಲರ ಬೆವರೂ ಅದರಲ್ಲಿದೆ. ನಾರಿಮನ್ 2024ರ ಫೆಬ್ರವರಿ 21ರಂದು ತಮ್ಮ 95ನೆಯ ವಯಸ್ಸಿನಲ್ಲಿ ದೆಹಲಿಯಲ್ಲಿ ತೀರಿಕೊಂಡರು. ಅವರ ಮಗ ರೋಹಿಂಟನ್ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದವರು, ಜೊತೆಗೆ ತಮ್ಮ ಮತದ ದೀಕ್ಷೆ ಪಡೆದ ಪುರೋಹಿತರು. ನ್ಯಾಯಪೀಠಕ್ಕೂ ದೇವಪೀಠಕ್ಕೂ ಒಬ್ಬನೇ ಸಲ್ಲಬಹುದೆಂಬುದಕ್ಕೆ ಇದನ್ನು ಹೇಳಿದೆ.

ಅಷ್ಟು ದೂರ ಏಕೆ, ನಮ್ಮಲ್ಲಿಯೇ ನೋಡೋಣ. ಇಂದು ಮನೆಮನೆಯಲ್ಲಿ ವಚನಗಳ ಪುಸ್ತಕವಿದ್ದರೆ ಅದರ ಹಿಂದೆ ಒಬ್ಬ ವಕೀಲರಿದ್ದಾರೆ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿದ ಫ. ಗು. ಹಳಕಟ್ಟಿಯವರು 1904ರಲ್ಲಿ ಕಾನೂನು ಪದವಿ ಪಡೆದು ವಿಜಾಪುರದಲ್ಲಿ ವಕೀಲಿ ಮಾಡಿದರು. ಸರ್ಕಾರಿ ವಕೀಲರೂ ಆಗಿದ್ದರು. ವಿದ್ಯಾಸಂಸ್ಥೆ ಕಟ್ಟಿದರು, 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್ ಸ್ಥಾಪಿಸಿದರು. ವಕೀಲಿಯಲ್ಲಿ ಬಂದುದೆಲ್ಲ ತಾಳೆಗರಿಗಳ ಸಂಗ್ರಹಕ್ಕೆ, ಮುದ್ರಣಕ್ಕೆ ಹೋಯಿತು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು, 1926ರಲ್ಲಿ 'ಶಿವಾನುಭವ' ಪತ್ರಿಕೆ. ಹಳೆಯ ದಸ್ತಾವೇಜನ್ನು ಓದಿ, ಪಾಠ ಹೋಲಿಸಿ, ಅಸಲು ನಕಲು ಬೇರ್ಪಡಿಸುವ ಕಣ್ಣು ಅವರಿಗೆ ಕಚೇರಿಯಲ್ಲಿಯೇ ಹರಿತವಾಯಿತೆಂಬುದು ನನ್ನ ಊಹೆ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಹಾಸನದ ಎಂ. ಕೃಷ್ಣ ಕಾನೂನು ಕಾಲೇಜೇ ಆಗಲಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯೇ ಆಗಲಿ, ಐದು ವರ್ಷದ ಓದು. ಆಮೇಲೆ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ, ಅಖಿಲ ಭಾರತ ಮಟ್ಟದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದಾದ ಮೇಲೂ ಹಿರಿಯರೊಬ್ಬರ ಬಳಿ ನಾಲ್ಕಾರು ವರ್ಷ ಕಡತ ಹೊರಬೇಕು; ಆ ದಿನಗಳಲ್ಲಿ ಕೈಗೆ ಬರುವ ಹಣ ಬಸ್ಸಿನ ಚಾರ್ಜಿಗೂ ಸಾಲದು. ಗೆಳೆಯರು ಎಂಜಿನಿಯರುಗಳಾಗಿ ಕಾರು ಕೊಂಡಿರುತ್ತಾರೆ. ಅದನ್ನು ತಾಳುವೆಯಾ ಎಂದು ಕೇಳಿದೆ. "ತಾಳುತ್ತೇನೆ" ಎಂದ. ತಂದೆಯ ಕಡೆಗೆ ನೋಡಿದೆ. "ತಾಳಬೇಕಾದವನು ನಾನು ಅಯ್ಯನವರೇ, ಫೀಜು ಕಟ್ಟುವವನು ನಾನಲ್ಲವೆ?" ಎಂದರು. ಕೂಡಿದವರೆಲ್ಲ ನಕ್ಕರು.

ಹೊರಡುವಾಗ ಹುಡುಗನ ಅಜ್ಜಿ ನನ್ನನ್ನು ಬಾಗಿಲ ಬಳಿ ತಡೆದರು. ಕೋರ್ಟಿನಲ್ಲಿ ಆ ಕರಿ ಕೋಟು, ಕೊರಳಿಗೆ ಬಿಳಿ ಪಟ್ಟಿ ಕಟ್ಟಿದ ಮೇಲೆ ಎದೆಯ ಮೇಲೆ ಲಿಂಗ ಇಟ್ಟುಕೊಳ್ಳಲು ಬಿಡುತ್ತಾರೋ ಇಲ್ಲವೋ ಎಂಬುದು ಅವರ ಚಿಂತೆ. ಕೋಟಿನ ಒಳಗೆ, ಪಟ್ಟಿಯ ಕೆಳಗೆ ಇರುತ್ತದೆ ತಾಯೀ, ಅದನ್ನು ಯಾರೂ ಕೇಳುವುದಿಲ್ಲ ಎಂದೆ. ಹಾಗಾದರೆ ಶಿವದಾರವನ್ನು ಸ್ವಲ್ಪ ಉದ್ದವಾಗಿಯೇ ಮಾಡಿಸುತ್ತೇನೆ ಎಂದು ಅವರು ಒಳಗೆ ಹೋದರು.